ಮಾಸ್ತರರ ಅಳತೆಯ ಕುಣಿ

ಬಾಯಾರಿದಾಗ ಬಾವಿ ತೋಡಬಾರದು, ಸತ್ತಾಗ ಕುಣಿ ತೋಡಬಾರದು. ಈ ಗಾದೆಯ ಮೊದಲರ್ಧ ನಮ್ಮ ಹಿರಿಯರದು, ಎರಡನೆಯ ಅರ್ಧ ಬಂಡರಗಾದ ಸ್ಟೋವ್ ರಿಪೇರಿ ಕಲ್ಯಾಣಪ್ಪನದು. ಹಿರಿಯರು ಹೇಳಿ ಸುಮ್ಮನಾದರು. ಕಲ್ಯಾಣಪ್ಪ ಹೇಳಿದ್ದಲ್ಲದೆ ತೋಡಿಯೂ ಬಿಟ್ಟ. ಇದು ಖರೇ ಕಥೆ. ಸಂಶಯವಿದ್ದವರು ಅಫಜಲಪುರದಲ್ಲಿ ಗೊಬ್ಬೂರಿನ ಬಸ್ಸು ಹತ್ತಿ, ನಡುವೆ ಬಂಡರಗಾದಲ್ಲಿ ಇಳಿದು, ಆ ಕುಣಿಯನ್ನು ಅಳೆದು ನೋಡಬಹುದು. ಈಗ ಅದರೊಳಗೆ ಒಬ್ಬರು ಇದ್ದಾರೆ, ಅದೊಂದೇ ತೊಡಕು.

ಬಂಡರಗಾದಲ್ಲಿ ಕ್ರೈಸ್ತರ ಮನೆಗಳು ಹದಿನೆಂಟು. ಶಹಾಬಾದಿ ಫರ್ಸಿಕಲ್ಲು ಹೊದಿಸಿದ ಒಂದು ಗುಡಿ, ಎದುರಿಗೆ ಒಂದು ಬೇವಿನ ಮರ, ಮರಕ್ಕೆ ತೂಗುಹಾಕಿದ ರೈಲುಪಟ್ಟಿಯ ತುಂಡು. ಅದೇ ಗಂಟೆ. ಪಾದ್ರಿಗಳು ಅಫಜಲಪುರದಿಂದ ವಾರ ಬಿಟ್ಟು ವಾರ ಬರುತ್ತಿದ್ದರು. ಅವರಿಲ್ಲದ ವಾರ, ಅವರಿದ್ದ ವಾರ ಕೂಡ, ಸಭೆಯನ್ನು ನಡೆಸುತ್ತಿದ್ದವರು ಹಿರಿಯ ಗುರಣ್ಣ ಮಾಸ್ತರರು. ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿದ್ದರೂ ಬೆತ್ತ ನಿವೃತ್ತಿಯಾಗಿರಲಿಲ್ಲ. ಎತ್ತರ ಆರಡಿ ಎರಡಂಗುಲ. ಪ್ರಾರ್ಥನೆಗೆ ಅವರು ಎದ್ದು ನಿಂತರೆ ಹಿಂದೆ ಕೂತವರಿಗೆ ಪಾದ್ರಿಗಳು ಕಾಣುತ್ತಿರಲಿಲ್ಲ, ದೇವರೂ ಅನುಮಾನವೇ.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಸುಗ್ಗಿ ಆರಾಧನೆಯ ದಿನ ಮೊದಲ ರಾಶಿಯ ಜೋಳ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ಮುಂದಿಟ್ಟ ಮೇಲೆ, ಮನೆಗೊಬ್ಬರು ಎದ್ದು ಆ ವರ್ಷ ತಾವು ದೇವರ ಮನೆಗೆ ಮಾಡುವ ಸೇವೆಯನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬ ಸುಣ್ಣ ಬಳಿಯುತ್ತೇನೆ ಅನ್ನುತ್ತಿದ್ದ, ಇನ್ನೊಬ್ಬಳು ಕಸ ಹೊಡೆಯುತ್ತೇನೆ ಅನ್ನುತ್ತಿದ್ದಳು. ಹೇಳಿದವರು ಮಾಡುತ್ತಿದ್ದರು, ಕಲ್ಯಾಣಪ್ಪನೂ ಮಾಡುತ್ತಿದ್ದ. ಅದೇ ಸಮಸ್ಯೆ.

ಮೊದಲ ವರ್ಷ ಅವನು ಹಾಡುವ ಸೇವೆ ಹಿಡಿದ. ಪಿನ್ನು ಹಾಕದ ಸ್ಟೋವಿನಂಥ ದನಿ; ಭರ್ರೆಂದು ಎದ್ದು ಭುಸ್ಸೆಂದು ಆರುತ್ತಿತ್ತು. ಎರಡನೆಯ ವರ್ಷ ಗಂಟೆಯ ಸೇವೆ. ಶನಿವಾರ ಮಧ್ಯಾಹ್ನ ಮಲಗಿ ಎದ್ದವನು ಭಾನುವಾರದ ಬೆಳಗೆಂದು ತಿಳಿದು ಬಾರಿಸಿದ. ಹದಿನೆಂಟೂ ಮನೆಯವರು ತಲೆಗೆ ಎಣ್ಣೆ ಹಚ್ಚಿ ಓಡಿ ಬಂದರು. ಮರುದಿನ ನಿಜವಾದ ಗಂಟೆಗೆ ಯಾರೂ ಬರಲಿಲ್ಲ. ಒಂದೇ ವಾರದಲ್ಲಿ ಪಾದ್ರಿಗಳಿಲ್ಲದ ಸಭೆಯೂ ಸಭೆಯಿಲ್ಲದ ಪಾದ್ರಿಗಳೂ ಆದದ್ದು ಆ ಸೀಮೆಯಲ್ಲಿ ಅದೊಂದೇ ಸಲ. ಮೂರನೆಯ ವರ್ಷ ದೀಪದ ಸೇವೆ. ಕ್ರಿಸ್ಮಸ್ ನಾಟಕದ ದಿನ ಪೆಟ್ರೋಮ್ಯಾಕ್ಸಿಗೆ ಭಕ್ತಿಯಿಂದ ಎಷ್ಟು ಗಾಳಿ ಹೊಡೆದನೆಂದರೆ, ಮೂಡಣ ದೇಶದ ಜ್ಞಾನಿಗಳಿಗೆ ದಾರಿ ತೋರಿಸಬೇಕಾದ ಬಣ್ಣದ ಕಾಗದದ ನಕ್ಷತ್ರ ಒಂದು ನಿಮಿಷದಲ್ಲಿ ಬೂದಿಯಾಗಿ ಜ್ಞಾನಿಗಳ ಗಡ್ಡದ ಮೇಲೆ ಬಿತ್ತು.

ಗುರಣ್ಣ ಮಾಸ್ತರರು ಅಂದು ಎಲ್ಲರೆದುರು ತೀರ್ಪು ಕೊಟ್ಟರು: “ಕಲ್ಯಾಣ್ಯಾ, ದೇವರ ಸೇವಾದಾಗ ದೊಡ್ಡ ಸೇವಾ ಅಂದ್ರ ಅಡ್ಡ ಬರದೇ ಇರೋದು. ಮುಂದಿನ ವರ್ಷ ನೀ ಅದನ್ನ ಹಿಡಿ.”

ಸಭೆ ನಕ್ಕಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವನ ತಾಯಿ ಮಲ್ಕಮ್ಮ ಕೂಡ ನಕ್ಕಳು. ನಾಲ್ಕಡಿ ಆರಂಗುಲದ ಮುದುಕಿ, ನಗುವಾಗ ಮಾತ್ರ ಮಾಸ್ತರರಷ್ಟು ಎತ್ತರವಾಗುತ್ತಿದ್ದಳು.

ಎಂಬತ್ತಮೂರನೆಯ ಇಸವಿಯ ಮೇ ತಿಂಗಳಲ್ಲಿ ಕಲ್ಯಾಣಪ್ಪನ ತಂದೆ ಹುಲೆಪ್ಪ ತೀರಿಕೊಂಡ. ನಮ್ಮ ಕಡೆಯ ಕಪ್ಪು ಯರಿಮಣ್ಣಿನ ಗುಣ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಬೆಣ್ಣೆ, ಬೇಸಿಗೆಯಲ್ಲಿ ಕಬ್ಬಿಣ. ಹನ್ನೆರಡು ಜನ ಸರದಿಯಲ್ಲಿ ಅಗೆದರು. ಗುದ್ದಲಿಯ ಕಾವು ಮೂರು ಮುರಿದವು. ಒಂದು ಹಗಲು ಹೋಗಿ ಮರುದಿನದ ಮಧ್ಯಾಹ್ನ ಬಂದರೂ ಕುಣಿ ಸೊಂಟದಾಳ ಬಿಟ್ಟು ಕೆಳಗಿಳಿಯಲಿಲ್ಲ. ಅಷ್ಟು ಹೊತ್ತೂ ಹುಲೆಪ್ಪ ಬೇವಿನ ಮರದ ಕೆಳಗೆ ಒದ್ದೆ ಗೋಣಿಚೀಲದಡಿ ಕಾದಿದ್ದ. ಮಲ್ಕಮ್ಮ ತಲೆದೆಸೆಯಲ್ಲಿ ಕೂತು ಮೊರದಿಂದ ನೊಣ ಹೊಡೆಯುತ್ತಿದ್ದಳು. ಕಬ್ರಸ್ತಾನದಲ್ಲಿ ಕಬರು ತೋಡುವ ಇಮಾಮಸಾಬ ಬಂದು ಒಂದು ಕಟ್ಟು ಊದಿನಕಡ್ಡಿಯನ್ನು ಹಚ್ಚಿಟ್ಟು, ಗುದ್ದಲಿ ಹಿಡಿದು ತಾನೂ ಇಳಿದ. ಉಳಿದದ್ದನ್ನು ಬರೆಯುವುದು ಬೇಡ. ಗಾಳಿ ಊರ ಕಡೆಗೇ ಬೀಸುತ್ತಿತ್ತು.

ಮಣ್ಣು ಕೊಟ್ಟು ಬಂದ ಸಂಜೆ ಮಲ್ಕಮ್ಮ ಮಗನಿಗೆ ಒಂದೇ ಮಾತು ಹೇಳಿದಳು: “ನನ್ನ ಹಂಗ ಇಡಬ್ಯಾಡಪಾ.”

ದೀಪಾವಳಿಯ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಗುಲಬರ್ಗಾದ ಡಾಕ್ಟರು ನೋಡಿ, ಕಲ್ಯಾಣಪ್ಪನನ್ನು ಹೊರಗೆ ಕರೆದು, ಮುಂದಿನ ಮಳೆಗಾಲದ ತನಕ ಕಷ್ಟ ಅಂದರು. ಅವನು ಒಳಗೆ ಬಂದು “ಗ್ಯಾಸ್ ಅಂತವ್ವಾ” ಅಂದ.

“ಸ್ಟೋವ್ ರಿಪೇರಿ ಮಾಡಾಂವಗ ಎಲ್ಲಾ ಗ್ಯಾಸೇ,” ಅಂದಳು ಮಲ್ಕಮ್ಮ. “ಯಾವ ತಿಂಗಳು ಅಂದ, ಅದನ್ನ ಹೇಳು.”

ಅವನು ಹೇಳಿದ. ಅವಳು ಬೆರಳು ಮಡಚಿ ಲೆಕ್ಕಹಾಕಿ, “ಮತ್ತ ಬ್ಯಾಸಿಗ್ಯಾಗೇ ಬಂತಲ್ಲೋ,” ಅಂದಳು.

ಗುಲಬರ್ಗಾದಿಂದ ಮರಳುವ ಬಸ್ಸಿನಲ್ಲೇ ಕಲ್ಯಾಣಪ್ಪನಿಗೆ ತನ್ನ ಗಾದೆಯ ಎರಡನೆಯ ಅರ್ಧ ಹೊಳೆಯಿತು. ಹಸಿ ಇರುವಾಗಲೇ ತೋಡಿಟ್ಟರೆ? ತೋಡಬಹುದು. ಆದರೆ ಬದುಕಿರುವ ತಾಯಿಗೆ ಮಗ ಕುಣಿ ತೋಡಿದ ಎಂದರೆ ಊರು ಬಿಡುತ್ತದೆಯೇ? ಸೊಸೆಯನ್ನು ಮೊದಲು ಹಿಡಿಯುತ್ತದೆ, ಆಮೇಲೆ ಮಗನನ್ನು, ಕಡೆಗೆ ಮುದುಕಿಯನ್ನೇ ಮಾತಾಡಿಸಲು ಬಂದು ಅಳುತ್ತ ಕೂರುತ್ತದೆ. ಆದ್ದರಿಂದ ಯಾರಿಗೆಂದು ಹೇಳಬಾರದು. ಯಾರಿಗೆಂದು ಗೊತ್ತಾಗಲೂಬಾರದು. ನಾಲ್ಕೂವರೆ ಅಡಿಯ ಕುಣಿ ತೋಡಿದರೆ ಕಣ್ಣಿದ್ದವರಿಗೆಲ್ಲ ಗೊತ್ತಾಗುತ್ತದೆ. ಹಾಗಿದ್ದರೆ ಸಭೆಯಲ್ಲಿ ಎಲ್ಲರಿಗಿಂತ ಉದ್ದ ಯಾರಿದ್ದಾರೋ ಅವರ ಅಳತೆಗೆ ತೋಡಿಬಿಟ್ಟರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ!

ಮನುಷ್ಯ ಬುದ್ಧಿ ಖರ್ಚು ಮಾಡುವಾಗಲೇ ದಿವಾಳಿಯಾಗುವುದು.

ಎಂಬತ್ತನಾಲ್ಕರ ಸುಗ್ಗಿ ಆರಾಧನೆಯಲ್ಲಿ ಕಲ್ಯಾಣಪ್ಪ ಎದ್ದ. ಸಭೆ ಉಸಿರು ಹಿಡಿಯಿತು. “ಈ ವರ್ಷ ನಾ ಒಂದು ಸೇವಾ ಮಾಡಾಕತ್ತೇನಿ. ಏನಂತ ಹೇಳಂಗಿಲ್ಲ. ಬ್ಯಾಸಿಗ್ಯಾಗ ಎಲ್ಲಾರಿಗೂ ಉಪಯೋಗ ಆಗ್ತದ.”

“ಅರವಟಿಗಿ ಇಡ್ತಾನ, ಪಾಪ,” ಅಂದರು ಹೆಂಗಸರು. ಮಾಸ್ತರರು ಸಹ ತಲೆದೂಗಿದರು. ನೀರಿನಿಂದ ಬೆಂಕಿ ಹತ್ತಲಾರದೆಂದು ಅವರಿಗೆ ಸಮಾಧಾನ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮಾಸ್ತರರು ಬೇವಿನ ಮರದ ಕಟ್ಟೆಯ ಮೇಲೆ ಅಂಗಾತ ಮಲಗಿ ನಿದ್ದೆ ಹೋಗಿದ್ದರು. ಕಲ್ಯಾಣಪ್ಪ ಸುತಳಿಯ ಒಂದು ತುದಿಯನ್ನು ಅವರ ನೆತ್ತಿಗೆ ಹಿಡಿದು ಇನ್ನೊಂದು ತುದಿಯನ್ನು ಹಿಮ್ಮಡಿಗೆ ತರುತ್ತಿದ್ದಾಗ ಮಾಸ್ತರರ ಹೆಂಡತಿ ಶಾರದಾಬಾಯಿ ಬಂದಳು.

“ಏನ್ ಮಾಡಾಕತ್ತೀಯೋ?”

“ಏನಿಲ್ರಿ ಬಾಯಾರ. ಇರಬಿ ಹತ್ತಿದ್ದುವು.”

“ಇರಬಿ ಹೊಡಿಯಾಕ ಸುತಳಿ ಯಾಕೋ?”

“ಸಾಲು ಸೀದಾ ಹೋಗ್ಲಿ ಅಂತ್ರಿ,” ಅಂದ ಕಲ್ಯಾಣಪ್ಪ, ಸುತಳಿಗೆ ಗಂಟು ಹಾಕಿಕೊಂಡು ನಡೆದುಬಿಟ್ಟ.

ಹನ್ನೊಂದು ದಿನ, ಸಂತೆಗಳಲ್ಲಿ ಸ್ಟೋವ್ ರಿಪೇರಿ ಮುಗಿಸಿ ಬಂದ ಮೇಲೆ ಕ್ರೈಸ್ತರ ಸಮಾಧಿ ನೆಲದಲ್ಲಿ ದಿನಾ ಎರಡು ತಾಸು ಅಗೆದ. ಇಮಾಮಸಾಬ ಒಂದು ದಿನ ಬೇಲಿಯಾಚೆ ನಿಂತು ನೋಡಿ, “ಕಲ್ಯಾಣಪ್ಪಾ, ಗೋಡಿ ಸೀದಾ ಇಳಿಸು, ಜರಾ ಒಳಗ ಬಾಗಿದ್ರ ಕುಸೀತದ,” ಎಂದು ವೃತ್ತಿಯ ಸಲಹೆ ಕೊಟ್ಟು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದ. “ಯಾರು ಹೋದ್ರು?”

“ಯಾರೂ ಹೋಗಿಲ್ಲ.”

“ಮತ್ತ?”

“ಇರಲಿ ಅಂತ.”

ಇಮಾಮಸಾಬ ನಲವತ್ತು ವರ್ಷ ಸತ್ತವರ ಜೊತೆ ಕೆಲಸ ಮಾಡಿದವನು, ಅಂಜುಬುರುಕನಲ್ಲ. ಆದರೂ “ತೋಬಾ ತೋಬಾ” ಎಂದು ಕೆನ್ನೆ ಬಡಿದುಕೊಂಡು ಹೋದ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಶಾರದಾಬಾಯಿ ಸುತಳಿಯ ಸಂಗತಿಯನ್ನು ಬಾವಿಕಟ್ಟೆಯಲ್ಲಿ ಬಿಚ್ಚಿದಳು. ಕತ್ತಲಾಗುವ ಮೊದಲು ನಾಲ್ಕು ಜನ ಹೋಗಿ ಕುಣಿಗೆ ಕೋಲು ಹಿಡಿದು ನೋಡಿ ಬಂದರು. ಆರಡಿ ಎರಡಂಗುಲ, ಮೇಲೆ ಒಂದು ಗೇಣು.

ಬಂಡರಗಾದಲ್ಲಿ ಲಿಂಗಾಯತರೂ ಹೂಳುವವರೇ, ಮುಸಲ್ಮಾನರೂ ಹೂಳುವವರೇ, ಕ್ರೈಸ್ತರೂ ಹೂಳುವವರೇ. ಹೀಗಾಗಿ ಕುಣಿಯ ವಿಷಯದಲ್ಲಿ ಅಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಇರಲಿಲ್ಲ. ಮೂರೂ ಜಾತಿಯವರು ಒಪ್ಪಿದ ಶಾಸ್ತ್ರ ಒಂದೇ: ಬಾಯಿ ತೆರೆದ ಕುಣಿ ಉಪವಾಸ ಇರುವುದಿಲ್ಲ. ಗೌಡ ಬಸವಂತರಾಯ ತನ್ನ ತಾಯಿಗೆ ಅವತ್ತೇ ಶೀತವಾಯಿತೆಂದು ಕಲ್ಯಾಣಪ್ಪನಿಗೆ ಹೇಳಿಕಳಿಸಿದ. “ಅಕಿಯೇನು ನಿಮ್ಮ ಜಾತಿಯಾಕಿ ಅಲ್ಲ, ಆದ್ರ ಕುಣಿಗೇನು ಗೊತ್ತಾಗ್ತದಲೇ?”

ಮಾಸ್ತರರು ಒಂದು ದಿನ ಊಟ ಬಿಟ್ಟರು. ಎರಡನೆಯ ದಿನ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡರು. ಮೂರನೆಯ ದಿನ ಅಫಜಲಪುರಕ್ಕೆ ಹೋಗಿ ಪೊಲೀಸರಿಗೆ ಅರ್ಜಿ ಬರೆದರು. ಅಕ್ಷರ ದುಂಡಗೆ, ವಿಷಯ ಭಯಂಕರ: ‘ಸದರಿ ಕಲ್ಯಾಣಪ್ಪನು ಅರ್ಜಿದಾರನು ಜೀವಂತನಿರುವಾಗಲೇ ಅರ್ಜಿದಾರನ ಅಳತೆಯ ಕುಣಿಯನ್ನು ಅರ್ಜಿದಾರನ ಒಪ್ಪಿಗೆಯಿಲ್ಲದೆ ತೋಡಿರುತ್ತಾನೆ.’

ಜಮಾದಾರ ದತ್ತಪ್ಪ ಸೈಕಲ್ ಮೇಲೆ ಬಂದ. ಊರೆಲ್ಲ ಕುಣಿಯ ಸುತ್ತ ನೆರೆಯಿತು. ದತ್ತಪ್ಪ ಪಂಚನಾಮೆಯ ಕಾಗದ ತೆಗೆದು, “ನಿಮ್ಮ ಅಳತಿ ಅನ್ನೂದಕ್ಕ ಪುರಾವೆ ಏನ್ರಿ ಮಾಸ್ತರ?” ಅಂದ.

“ಕೋಲು ಹಿಡದಾರ.”

“ಕೋಲು ಸಾಕ್ಷಿ ಹೇಳಂಗಿಲ್ರಿ. ಇಳೀರಿ ಒಳಗ. ಮಲಕ್ಕೊಂಡು ತೋರಸ್ರಿ.”

ಮಾಸ್ತರರು ಇಕ್ಕಟ್ಟಿಗೆ ಬಿದ್ದರು. ಸರಿಯಾಗಿ ಹಿಡಿದರೆ ಕೇಸು ಗಟ್ಟಿ, ಜೀವ ಸಡಿಲು. ಹಿಡಿಯದಿದ್ದರೆ ಜೀವ ಗಟ್ಟಿ, ಕೇಸು ಬಿತ್ತು. ಕಡೆಗೆ ಹಟ ಗೆದ್ದಿತು. ಧೋತರ ಎತ್ತಿಕಟ್ಟಿ, ನಾಲ್ಕು ಜನರ ತೋಳು ಹಿಡಿದು ಇಳಿದು, ಮಲಗಿದರು. ಶಾರದಾಬಾಯಿ ಸೆರಗು ಬಾಯಿಗೊತ್ತಿಕೊಂಡಳು. ಎಷ್ಟು ಅಚ್ಚುಕಟ್ಟಾಗಿ ಹಿಡಿದಿದ್ದರೆಂದರೆ ಇಮಾಮಸಾಬನ ಬಾಯಿಂದ “ವಾಹ್” ಎಂದು ಹೊರಟೇ ಹೋಯಿತು.

“ಹ್ಯಾಂಗದ ಮಾಸ್ತರ?” ಮೇಲಿನಿಂದ ಜಮಾದಾರ ಕೇಳಿದ.

“ತಲಿ ಬುಡಕ ಹಳ್ಳು ಒತ್ತತದ.”

ಕಲ್ಯಾಣಪ್ಪ ದಡಕ್ಕನೆ ಒಳಗೆ ಹಾರಿ, “ಜರಾ ತಲಿ ಎತ್ರಿ,” ಎಂದು ಆ ಕಲ್ಲುಹರಳು ತೆಗೆದು, ಮಣ್ಣನ್ನು ಅಂಗೈಯಿಂದ ನುಣ್ಣಗೆ ಮಾಡಿ, “ಈಗ ಮಲಕ್ಕೋರಿ” ಅಂದ. ಅವನ ಮುಖದಲ್ಲಿ ಸೇವೆಯ ಭಾವ ಬಿಟ್ಟು ಬೇರೇನೂ ಇರಲಿಲ್ಲ. ಮಾಸ್ತರರು ಸಿಟ್ಟು ನೆತ್ತಿಗೇರಿ ಎದ್ದು ಕೂತರು.

ದತ್ತಪ್ಪ ಕಾಗದ ಮಡಚಿ ಜೇಬಿಗಿಟ್ಟ. “ಕುಣಿ ತೋಡೂದಕ್ಕ ಕಲಂ ಇಲ್ರಿ. ತುಂಬೂದಕ್ಕ ಅದ. ನೀವು ಮೊದಲ ಸಾಯ್ರಿ, ಆಮ್ಯಾಲ ಅರ್ಜಿ ಕೊಡ್ರಿ, ನೋಡೋಣ.”

ಪೊಲೀಸರು ಕೈಬಿಟ್ಟದ್ದನ್ನು ಸಭೆ ಹಿಡಿಯಿತು. ಆ ಭಾನುವಾರ ಪಾದ್ರಿಗಳು ಕಲ್ಯಾಣಪ್ಪನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: “ಯಾರಿಗಾಗಿ ತೋಡಿದೆಯಪ್ಪ?”

ಕಲ್ಯಾಣಪ್ಪ ಹೆಂಗಸರ ಸಾಲಿನ ಕಡೆ ನೋಡಿದ. ಗೋಡೆಗೊರಗಿ ಕೂತ ಮಲ್ಕಮ್ಮ ಹೊಟ್ಟೆಯ ಮೇಲೆ ಸೆರಗು ಬಿಗಿದುಕೊಂಡಿದ್ದಳು. “ಸಭಾಕ್ಕ್ರಿ,” ಅಂದ.

“ಸಭೆಯಲ್ಲಿ ಯಾರಿಗೆ?”

“ಯಾರು ಮೊದಲು ಬರ್ತಾರ ಅವರಿಗಿ.”

ಸಭೆಯಲ್ಲಿ ಅರವತ್ತು ದಾಟಿದವರು ಒಂಬತ್ತು ಜನ ಇದ್ದರು. ಒಂಬತ್ತೂ ಜನ ಒಟ್ಟಿಗೆ ಎದ್ದರು; ಮೊಣಕಾಲು ನೋವಿನಿಂದ ಎರಡು ವರ್ಷ ಎದ್ದಿರದವರೂ ಎದ್ದರು. ಆ ಕುಣಿ ಮಾಡಿದ ಮೊದಲ ಅದ್ಭುತ ಅದು. ಈಸ್ಟರಿನ ಹಿಂದಿನ ಗರಿಗಳ ಭಾನುವಾರದೊಳಗೆ ಕುಣಿ ಮುಚ್ಚಬೇಕು, ತೋಡಿದವನೇ ಮುಚ್ಚಬೇಕು ಎಂದು ಠರಾವಾಯಿತು. ಬೇರೆಯವರು ಮುಚ್ಚಲು ತಯಾರಿರಲಿಲ್ಲ. ಬರಿ ಕುಣಿಗೆ ಮೊದಲ ಹಿಡಿ ಮಣ್ಣು ಹಾಕಿದವರ ಮನೆಯಿಂದಲೇ ಅದು ಊಟ ಬೇಡುತ್ತದಂತೆ. ಪಾದ್ರಿಗಳು ಇದೆಲ್ಲ ಮೂಢನಂಬಿಕೆ ಅಂದರು. “ಹಂಗಾದ್ರ ನೀವೇ ಹಾಕ್ರಿ,” ಎಂದು ಶಾರದಾಬಾಯಿ ಅಂದಾಗ ಅವರಿಗೆ ಬಸ್ಸಿನ ಹೊತ್ತಾಯಿತೆಂದು ನೆನಪಾಯಿತು.

ಮನೆಗೆ ಬಂದು ಕಲ್ಯಾಣಪ್ಪ ತಲೆ ಮೇಲೆ ಕೈಹೊತ್ತು ಕೂತ. ಹೆಂಡತಿ ಸುಂದರಬಾಯಿ, “ನಕ್ಷತ್ರ ಸುಟ್ಟದ್ದೇ ಛಲೋ ಇತ್ತು,” ಅಂದಳು.

ಮಲ್ಕಮ್ಮ ಎಲೆಯಡಿಕೆ ಚೀಲ ಬಿಚ್ಚುತ್ತ ನಕ್ಕಳು. “ಅಲ್ಲೋ ಹುಚ್ಚಾ, ಗುಟ್ಟು ಇಡಾಕ ಇಷ್ಟುದ್ದ ತೋಡಬೇಕೇನು? ಅದರಾಗ ನನ್ನ ಇಟ್ರ, ಪುನರುತ್ಥಾನದ ದಿನ ದೇವದೂತರು ಬಂದು ಬಗ್ಗಿ ನೋಡಿ, ‘ಇಲ್ಲಿ ಯಾರೂ ಇಲ್ಲ’ ಅಂತ ಹೋಗೇಬಿಡ್ತಾರ.” ನಗುವಿನ ನಡುವೆ ನೋವು ಬಂತು, ಬಗ್ಗಿ ಕೂತಳು. ಆಮೇಲೆ ನಗದೆ ಕೇಳಿದಳು, “ಮುಚ್ಚತಿಯೇನು?”

“ಠರಾವ್ ಆಗ್ಯಾದವ್ವ.”

ಮಲ್ಕಮ್ಮ ಮೂಲೆಯಲ್ಲಿದ್ದ ಮೊರದ ಕಡೆ ನೋಡಿದಳು.

ಮಾಸ್ತರರ ತಂಗಿಯ ಮಗನೊಬ್ಬನಿದ್ದ, ಮಲ್ಲಣ್ಣ. ಗುಲಬರ್ಗಾದಲ್ಲಿ ಬಿ.ಎ. ಓದಿ, ನೌಕರಿ ಬರುವತನಕ ಊರವರ ದನಿ ಓದುತ್ತಿದ್ದ. ಬಸ್ ಕಂಡಕ್ಟರ್, ಪಾದ್ರಿಗಳು, ಗೌಡನ ಎಮ್ಮೆ, ಯಾರ ದನಿ ಬೇಕಾದರೂ ತೆಗೆಯುವವನು. ಮಾವನ ದನಿಯಂತೂ ಮಾವನಿಗಿಂತ ಚೆನ್ನಾಗಿ ಬರುತ್ತಿತ್ತು. ಮಾರ್ಚ್ ತಿಂಗಳ ಒಂದು ಮಂಗಳವಾರ ಮಾಸ್ತರರು ಅಫಜಲಪುರಕ್ಕೆ ಹೋಗಿದ್ದರು. ಪೆನ್ಷನ್ ಪಡೆಯುವವನು ಬದುಕಿದ್ದಾನೆಂದು ಸರಕಾರಕ್ಕೆ ವರ್ಷಕ್ಕೊಮ್ಮೆ ಖಾತ್ರಿಯಾಗಬೇಕಲ್ಲ, ಆ ಪ್ರಮಾಣಪತ್ರಕ್ಕೆ. ಅದೇ ಮಧ್ಯಾಹ್ನ ಕಲ್ಯಾಣಪ್ಪ ಬುಟ್ಟಿ ಸಲಿಕೆ ಹೊತ್ತು ಕುಣಿ ಮುಚ್ಚಲು ಹೊರಟದ್ದನ್ನು ಮಲ್ಲಣ್ಣ ಕಂಡ. ಅಡ್ಡದಾರಿಯಿಂದ ಓಡಿ, ಕುಣಿಗೆ ಇಳಿದು, ಬಿಳಿ ಧೋತರ ಮುಸುಕುಹಾಕಿ ಮಲಗಿದ.

ಕಲ್ಯಾಣಪ್ಪ ಮೊದಲ ಬುಟ್ಟಿ ಮಣ್ಣು ತುಂಬಿದ. ಎತ್ತಿದ. ಅಂಚಿಗೆ ಬಂದ. ಕೆಳಗೆ ಬಿಳಿ ಮುಸುಕು ಕಂಡು ನಿಂತ.

“ಕಲ್ಯಾಣ್ಯಾ,” ಅಂದಿತು ಕುಣಿ.

ಮಾಸ್ತರರ ದನಿ. ಅದೇ ಗತ್ತು, ಅದೇ ಗಂಟಲ ಕೆಮ್ಮು.

“ಮಣ್ಣು ಹಾಕಬ್ಯಾಡಲೇ. ಬಂದೇನಿ. ಆದ್ರ ಕಾಲು ಮಡಚೇನಿ. ಇನ್ನೊಂದು ಗೇಣು ಅಗಿ ಬಾ.”

ಬುಟ್ಟಿ ಕಲ್ಯಾಣಪ್ಪನ ಕಾಲ ಮೇಲೆ ಬಿತ್ತು. ಓಡಿಹೋದನೆಂದು ನೀವು ತಿಳಿದರೆ ನಿಮಗೆ ಕಲ್ಯಾಣಪ್ಪ ಗೊತ್ತಿಲ್ಲ. ಅವನು ಮೊದಲು, “ಆಗ್ಲಿರಿ ಮಾಸ್ತರ, ಈಗ ಬಂದೆ,” ಅಂದು, ಆಮೇಲೆ ಓಡಿದ. ಸೀದಾ ಬೇವಿನ ಮರಕ್ಕೆ. ಸತ್ತವರ ವಯಸ್ಸಿನ ವರ್ಷಕ್ಕೊಂದರಂತೆ ಗಂಟೆ ಹೊಡೆಯುವುದು ಆ ಸಭೆಯ ರೂಢಿ. ಮಾಸ್ತರರಿಗೆ ಎಪ್ಪತ್ತೆರಡು. ಕಲ್ಯಾಣಪ್ಪ ಅಳುತ್ತ ಹೊಡೆದ. ನಲವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ನೂರಾಹನ್ನೆರಡು ಏಟು ಕೇಳಿದ ಊರು, ಯಾರೋ ಭಾರೀ ಮುದುಕರು ಹೋದರೆಂದು ಎದ್ದು ಬಂತು.

“ಯಾರೋ?”

“ಗುರಣ್ಣ ಮಾಸ್ತರ್ರು.”

“ಎಲ್ಲಿ?”

“ಕುಣ್ಯಾಗ. ತಾವೇ ಬಂದು ಮಲಗ್ಯಾರ.”

ಬಾಯಿ ತೆರೆದ ಕುಣಿಯ ಶಾಸ್ತ್ರ ಇಷ್ಟು ಚೊಕ್ಕವಾಗಿ ಫಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಅಂಜಿಕೆಯಿಂದ ಯಾರೂ ಅತ್ತ ಹೋಗಲಿಲ್ಲ. ಇತ್ತ ಮಲ್ಲಣ್ಣ ನಕ್ಕು ಮುಗಿಸಿ ಮೇಲೇಳಲು ನೋಡಿದರೆ, ಗೋಡೆ ಇಮಾಮಸಾಬನ ಸಲಹೆಯಂತೆ ಸೀದಾ ಇತ್ತು. ಹಿಡಿಯಲು ಒಂದು ಬೇರಿಲ್ಲ. ಅವನು ತನ್ನ ಸ್ವಂತ ದನಿಯಲ್ಲಿ, “ಯಾರರೆ ಬರ್ರಿ, ಮ್ಯಾಲ ತಗೀರಿ!” ಎಂದು ಕೂಗಿದ. ಜೀವಮಾನದಲ್ಲಿ ಮೊದಲ ಸಲ ಅವನ ಸ್ವಂತ ದನಿಯನ್ನು ಯಾರೂ ಗುರುತಿಸಲಿಲ್ಲ. ದೂರದಿಂದ ಕೇಳಿದವರು ಇನ್ನೂ ದೂರ ಓಡಿದರು.

ಗುಡಿ ತುಂಬಿತು. ಶಾರದಾಬಾಯಿ ನೆಲಕ್ಕೆ ಬಿದ್ದು, “ಮುಂಜಾನೆ ಎರಡು ರೊಟ್ಟಿ ತಿಂದು ಬಸ್ ಹತ್ತಿದ್ರೋ! ಬದುಕೇನಿ ಅಂತ ಬರಸಾಕ ಹೋದೋರು ಸತ್ತು ಬಂದ್ರೋ!” ಎಂದು ಅಳುತ್ತಿದ್ದಳು. ಬಸವಂತರಾಯ ಹಾರ ತಂದ. ಪಾದ್ರಿಗಳಿಲ್ಲ, ಮಾಸ್ತರರೇ ಸತ್ತಿದ್ದಾರೆ, ಮಾತಾಡುವವರು ಯಾರು? ಒಬ್ಬೊಬ್ಬರೇ ಎದ್ದರು.

“ಭಾಳ ಛಲೋ ಮನಶ್ಯಾ. ಹೊಡಿಯೂ ಕೈ ಮಾತ್ರ ಜೋರ.”

“ನನ್ನ ಕಿವಿ ಇನ್ನೂ ಗುಂಯ್ ಅಂತದ.”

“ಹೌದು, ಆದ್ರ ಛಲೋ ಮನಶ್ಯಾ.”

ಸಭೆ ಹೊಗಳಲು ಇನ್ನೇನಾದರೂ ಇದೆಯೇ ಎಂದು ಹುಡುಕುತ್ತಿತ್ತು. ಆಗ ಕಲ್ಯಾಣಪ್ಪ ಮುಂದೆ ಬಂದು ನಿಂತ. ಮೂಗು ಸುರಿಯುತ್ತಿತ್ತು.

“ಮಾಸ್ತರ್ರ ಅಳತಿ ತಗೊಂಡದ್ದು ಖರೇ ಅದ. ಆದ್ರ ಅವರಿಗಿ ಅಂತ ತೋಡಿದ್ದಲ್ರಿ. ನಮ್ಮವ್ವಗ ತೋಡೇನಿ. ಅಕಿಗಿ ಬ್ಯಾಸಿಗಿ ದಾಟಂಗಿಲ್ಲ ಅಂದಾರ ಡಾಕ್ಟರು. ನಮ್ಮಪ್ಪನ ಹಂಗ ಇಡಬ್ಯಾಡ ಅಂದಿದ್ಳು. ಅವ್ವಗ ಅಂತ ಗೊತ್ತಾಗಬಾರದು ಅಂತ ಉದ್ದಂದು ತೋಡಿದೆ.” ಅವನು ತೋಳಿನಿಂದ ಮೂಗು ಒರಸಿಕೊಂಡ. “ಈಗ ಮಾಸ್ತರ್ರಿಗೆ ಬೇಕಾಗ್ಯಾದ. ಅವರೇ ಇರಲಿ. ಇನ್ನೊಂದು ಗೇಣು ಕೇಳ್ಯಾರ, ಅಗೀತೇನಿ. ಅವ್ವಗ ಇನ್ನೊಂದು ತೋಡ್ತೇನಿ. ಮಣ್ಣು ಬಿರಸಾಗ್ಯಾದ, ಆದ್ರ ಇವತ್ತೇ ಶುರು ಮಾಡಿದ್ರ ಆಗ್ತದ.”

ಗೋಡೆಗೊರಗಿದ್ದ ಮಲ್ಕಮ್ಮ, “ನಾನೇ ಹೇಳೇನಿ ತೋಡಂತ. ಅವನ್ನ ಯಾರೂ ಬೈಬ್ಯಾಡ್ರಿ,” ಅಂದಳು.

“ಮುಗೀತೇನು ಎಲ್ಲಾರದು?”

ಬಾಗಿಲಲ್ಲಿ ಆರಡಿ ಎರಡಂಗುಲ ನಿಂತಿತ್ತು. ನಾಲ್ಕು ಗಂಟೆಯ ಬಸ್ಸು ಬಂದು ಎಷ್ಟು ಹೊತ್ತಾಗಿತ್ತೋ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಕಾಗದ. ಇಬ್ಬರು ಹೆಂಗಸರು ಎಚ್ಚರ ತಪ್ಪಿದರು. ಬಸವಂತರಾಯ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಮಾಸ್ತರರು ಕಾಗದ ಎತ್ತಿ ತೋರಿಸಿದರು. “ನಾ ಬದುಕೇನಿ ಅಂತ ಸರಕಾರ ಸಹಿ ಮಾಡಿ ಕೊಟ್ಟದ. ನಿಮಗ ಇನ್ನೇನು ಬೇಕು?”

ಅಷ್ಟರಲ್ಲಿ ಇಮಾಮಸಾಬ ಮಲ್ಲಣ್ಣನ ಕಿವಿ ಹಿಡಿದುಕೊಂಡು ಬಂದ. “ನಲವತ್ತು ವರ್ಸದಾಗ ಇಳಿಸೇ ಗೊತ್ತು, ಹೊರಗ ತಗದದ್ದು ಇವತ್ತೇ,” ಅಂದ. ಸಂಗತಿಯೆಲ್ಲ ಹೊರಬಿತ್ತು. ಜನ ನಗಲೋ ಬೇಡವೋ ಎಂದು ಮಾಸ್ತರರ ಮುಖ ನೋಡಿದರು. ಮಾಸ್ತರರು ನಗಲಿಲ್ಲ. ಕೊಡೆಯಿಂದ ಅಳಿಯನಿಗೆ ನಾಲ್ಕು ಬಿಟ್ಟರು. ಆಮೇಲೆ ಮಲ್ಕಮ್ಮನ ಮುಂದೆ ಹೋಗಿ ನಿಂತು, ಒಮ್ಮೆ ಕೆಮ್ಮಿದರು. ತಿರುಗಿ ಕಲ್ಯಾಣಪ್ಪನಿಗೆ ಹೇಳಿದರು:

“ಕುಣಿ ಇರಲಿ. ಠರಾವ್ ನಾ ಹರೀತೇನಿ. ಮ್ಯಾಲ ಫರ್ಸಿ ಮುಚ್ಚಿಡು, ಕುರಿ ಬಿದ್ದಾವು.”

ಸೇವೆಯ ವಿಷಯದಲ್ಲಿ ಕಲ್ಯಾಣಪ್ಪನಿಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ಫರ್ಸಿ ಹೊತ್ತು ಹಾಕಿದವನು ಮಲ್ಲಣ್ಣ, ನಾಲ್ಕು ಚಪ್ಪಡಿ, ಒಬ್ಬನೇ.

ಮೇ ತಿಂಗಳ ಹದಿನೆಂಟಕ್ಕೆ, ನಸುಕಿನಲ್ಲಿ, ಮಲ್ಕಮ್ಮ ಹೋದಳು. ಹಿಂದಿನ ದಿನ ಬಿಸಿಲಿಗೆ ಗೌಡನ ಎರಡು ಎಮ್ಮೆ ಸತ್ತಿದ್ದವು. ನೆಲಕ್ಕೆ ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಕಲ್ಯಾಣಪ್ಪ ಗಂಟೆ ಹೊಡೆದ, ಎಪ್ಪತ್ತು ಏಟು, ಒಂದೂ ತಪ್ಪಲಿಲ್ಲ. ಚಪ್ಪಡಿ ಸರಿಸಿದರು. ಬಿಸಿಲು ಏರುವ ಮೊದಲೇ ಅವಳನ್ನು ತಂದರು. ನೊಣಕ್ಕೆ ಸುದ್ದಿಯೇ ಹೋಗಿರಲಿಲ್ಲ. ಮೊರ ಮನೆಯ ಮೂಲೆಯಲ್ಲಿಯೇ ಉಳಿಯಿತು.

ಇಮಾಮಸಾಬ, ಮಲ್ಲಣ್ಣ ಒಳಗಿಳಿದು ಬಿಳಿ ಬಟ್ಟೆಯಲ್ಲಿ ಸುತ್ತಿದ ಮುದುಕಿಯನ್ನು ಇಸಿದುಕೊಂಡರು. ಇಟ್ಟರು. ಕಾಲದೆಸೆಯಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯಿತು. ಸುಂದರಬಾಯಿ ಎಲೆಯಡಿಕೆಯ ಚೀಲ ಕೊಟ್ಟಳು, ಅದನ್ನೂ ಇಟ್ಟರು. ಆದರೂ ಉಳಿಯಿತು. ಪಾದ್ರಿಗಳು ವಾಕ್ಯ ಓದಿ ಮುಗಿಸಿದರು. ಕಲ್ಯಾಣಪ್ಪ ಹಿಡಿಯಲ್ಲಿ ಮಣ್ಣು ತೆಗೆದುಕೊಂಡು ಅಂಚಿನಲ್ಲಿ ನಿಂತ. ಹಾಕಲು ಕೈ ಬರಲಿಲ್ಲ. ಎಲ್ಲರೂ ಕಾದರು. ಬಿಸಿಲು ಏರುತ್ತಿತ್ತು.

ಎದುರು ಅಂಚಿನಲ್ಲಿ ಗುರಣ್ಣ ಮಾಸ್ತರರು ನಿಂತಿದ್ದರು. ಗಂಟಲು ಕೆಮ್ಮಿ ಸರಿಮಾಡಿಕೊಂಡರು. ಆಮೇಲೆ ಮಲ್ಲಣ್ಣ ತೆಗೆದಿದ್ದ ಅದೇ ಗತ್ತಿನಲ್ಲಿ, ಅದೇ ಎಳೆತದಲ್ಲಿ, ತಮ್ಮ ದನಿಯನ್ನು ತಾವೇ ಅಣಕಿಸಿ ಅಂದರು:

“ಕಲ್ಯಾಣ್ಯಾ, ಕಾಲು ಮಡಚ್ಯಾಳಲೇ. ಇನ್ನೊಂದು ಗೇಣು ಅಗಿ ಬಾ.”

ಪಾದ್ರಿಗಳು ಪುಸ್ತಕ ಮುಚ್ಚಿದರು. ಶಾರದಾಬಾಯಿ ಗಂಡನ ಕಡೆ ಕಣ್ಣು ಕೆಕ್ಕರಿಸಿದಳು. ಕುಣಿಯಿಂದ ಮೇಲೆ ಬಂದು ನಿಂತಿದ್ದ ಮಲ್ಲಣ್ಣನ ತುಟಿ ಅದುರಿತು, ನಗಲು ಧೈರ್ಯವಾಗಲಿಲ್ಲ. ಕಲ್ಯಾಣಪ್ಪ ಒಮ್ಮೆ ಮಾಸ್ತರರನ್ನು ನೋಡಿದ, ಒಮ್ಮೆ ಕೆಳಗೆ, ಅವ್ವನ ಕಾಲಾಚೆ ಉಳಿದ ಆ ಜಾಗವನ್ನು ನೋಡಿದ. ಹೊಟ್ಟೆಯ ಬುಡದಿಂದ, ಪಿನ್ನು ಹಾಕದ ಸ್ಟೋವಿನಂತೆ, ಮೊದಲು ಭುಸ್ ಎಂದಿತು, ಆಮೇಲೆ ನಗು ಭರ್ರೆಂದು ಎದ್ದಿತು. ಮಾಸ್ತರರು ನಕ್ಕರು, ಇಮಾಮಸಾಬ ನಕ್ಕ, ಕಡೆಗೆ ಹದಿನೆಂಟೂ ಮನೆ ನಕ್ಕಿತು. ಎಲ್ಲರದೂ ನಿಂತ ಮೇಲೂ ಕಲ್ಯಾಣಪ್ಪನದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಿಡಿಯ ಮಣ್ಣು ಬೆರಳ ಸಂದಿಯಿಂದ ತಾನಾಗಿಯೇ ಕೆಳಗೆ ಇಳಿಯುತ್ತಿತ್ತು, ಅವನು ಗೌಡನ ಮನೆಗೆ ಕೇಳುವಂತೆ ನಗುತ್ತಲೇ ಇದ್ದ.